ಪಾಪ ಇಲ್ಲೇ ಇರಲಿ

ನನ್ನ ಹೆಸರು ಪ್ರಿಸಿಲ್ಲ. ದೀಕ್ಷಾಸ್ನಾನದ ದಿನ ಚರ್ಚಿನ ಅಯ್ಯನವರು ತಲೆಗೆ ನೀರು ಹಾಕಿ, ಇಡೀ ಸಭೆಗೆ ಕೇಳುವ ಹಾಗೆ ಆ ಹೆಸರನ್ನು ಹೇಳಿದರಂತೆ. ಅಲ್ಲಿಗೆ ಮುಗಿಯಿತು. ಶಾಲೆಗೆ ಸೇರುವವರೆಗೆ ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ನೆನಪು ನನಗಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಮನೆಯಲ್ಲಿ ತೆಲುಗು ಬಿಟ್ಟು ಬೇರೆ ಆಡಿದವಳಲ್ಲ. ಅವಳ ನಾಲಿಗೆಗೆ ಪ್ರಿಸಿಲ್ಲ ಹತ್ತಲೇ ಇಲ್ಲ. ಎರಡು ದಿನ 'ಪರ್ಸಿಲ್ಲ, ಪರ್ಸಿಲ್ಲ' ಎಂದು ಒದ್ದಾಡಿದಳಂತೆ. ಅಪ್ಪ ನಗು ತಡೆಯಲಾರದೆ, ಹೀಗೆ ಕೂಗಿದರೆ ಬೀದಿಯವರೆಲ್ಲ ನಮ್ಮ ಹತ್ತಿರ ಪರ್ಸೇ ಇಲ್ಲ ಅಂದುಕೊಳ್ಳುತ್ತಾರೆ ಎಂದನಂತೆ. ಅಜ್ಜಿಗೆ ಸಿಟ್ಟು ಬಂತು. ಅವತ್ತಿನಿಂದ ನಾನು ಪಾಪ. ತೆಲುಗಿನಲ್ಲಿ ಪಾಪ ಅಂದರೆ ಪುಟ್ಟ ಹುಡುಗಿ, ಅಷ್ಟೇ. ಶ್ರೀನಿವಾಸಪುರದಲ್ಲಿ ಅದಕ್ಕೆ ಯಾರೂ ಅರ್ಥ ಕೇಳುವುದಿಲ್ಲ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವ ಊರು ಅದು, ಬೀದಿಗೆ ನಾಲ್ಕು ಜನ ಪಾಪಗಳು ಸಿಗುತ್ತಿದ್ದರು. ಅವರಲ್ಲಿ ಚರ್ಚಿಗೆ ಹೋಗುವ ಪಾಪ ನಾನೊಬ್ಬಳೇ. ನನ್ನ ಕಷ್ಟಕ್ಕೆಲ್ಲ ಅದೇ ಕಾರಣವಾಯಿತು.

ನಮ್ಮ ಮನೆ ಚರ್ಚಿನ ಹಿಂದಿನ ಗಲ್ಲಿಯಲ್ಲಿತ್ತು. ಹೆಂಚಿನ ಮನೆ, ಸಾಲಾಗಿ ಮೂರು ಕೋಣೆ. ಬೀದಿ ಕಡೆಯದು ಅಪ್ಪನ ಟೈಲರ್ ಅಂಗಡಿ. ನಡುವಿನದು ಅಡುಗೆಗೂ ಊಟಕ್ಕೂ ಮಲಗುವುದಕ್ಕೂ ಆಗುತ್ತಿತ್ತು. ಒಳಗಿನದರಲ್ಲಿ ಅಕ್ಕಿ, ರಾಗಿ, ಹಾಸಿಗೆ, ಟ್ರಂಕು, ಮತ್ತೆ ಹಿತ್ತಲಿಗೆ ತೆರೆಯುವ ಒಂದು ಕಿಟಕಿ. ಅಪ್ಪನ ಮಿಷನ್ನು ಬೆಳಗ್ಗೆ ಪ್ರಾರ್ಥನೆ ಮುಗಿದ ತಕ್ಷಣ ಕಟಕಟ ಎಂದು ಶುರುವಾದರೆ ಮಧ್ಯಾಹ್ನದ ಮುದ್ದೆಗೆ ಒಂದು ಸಲ ನಿಲ್ಲುತ್ತಿತ್ತು. ನಾನು ಅದರ ಪಕ್ಕದಲ್ಲೇ ಕೂತು ಕತ್ತರಿಸಿ ಬಿದ್ದ ಬಟ್ಟೆ ಚೂರುಗಳನ್ನು ಬಣ್ಣಬಣ್ಣ ಬೇರೆ ಮಾಡುತ್ತಿದ್ದೆ. ಊರಿನ ಎಷ್ಟೋ ಹೆಂಗಸರ ರವಿಕೆ ಬಟ್ಟೆ ನನ್ನ ಗೊಂಬೆಗೆ ಸೀರೆಯಾಗಿತ್ತು. ಅಜ್ಜಿ ಹೋದಮೇಲೆ ಮನೆಯಲ್ಲಿ ಉಳಿದವರು ನಾವು ಮೂವರು. ಆದರೆ ಊಟಕ್ಕೆ ಮೂವರೇ ಕೂತ ದಿನ ಕಡಿಮೆ, ಯಾಕೆಂದರೆ ಸುಗುಣತ್ತೆ ಇದ್ದಳು.

ಸುಗುಣತ್ತೆ ನಮಗೆ ರಕ್ತಸಂಬಂಧಿಯಲ್ಲ. ಅಮ್ಮನ ಗೆಳತಿ. ಮುಳಬಾಗಿಲಿನಿಂದ ಮದುವೆಯಾಗಿ ಬಂದವಳು, ಗಂಡ ಬೇಗ ತೀರಿಕೊಂಡಿದ್ದ, ಒಬ್ಬಳೇ ಮಗಳು ಕೋಲಾರದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಬಾಲವಾಡಿ ನಡೆಸುತ್ತಿದ್ದಳು. ದಪ್ಪ ಹೆಂಗಸು, ದೊಡ್ಡ ಗಂಟಲು, ಸೊಂಟದಲ್ಲಿ ನಶ್ಯದ ಡಬ್ಬಿ. ಆ ಡಬ್ಬಿಯ ವಿಷಯ ಅಯ್ಯನವರಿಗೆ ಗೊತ್ತಿಲ್ಲ ಅಂತ ಅವಳು ನಂಬಿದ್ದಳು. ಅಮ್ಮನೂ ಅವಳೂ ಚರ್ಚಿನಲ್ಲಿ ಒಂದೇ ಚಾಪೆಯ ಮೇಲೆ ಕೂರುವವರು, ಒಂದೇ ಹಾಡಿನ ಪುಸ್ತಕ ಹಿಡಿಯುವವರು, ಮನೆಗೆ ಬರುವಷ್ಟರಲ್ಲಿ ಒಂದು ಜಗಳ ತೆಗೆಯುವವರು. ಅಮ್ಮ ಮೆತ್ತಗೆ ಹಾಡುತ್ತಾಳೆ ಅಂತ ಇವಳ ದೂರು, ಇವಳು ಹಾಡಿದರೆ ಬೇರೆ ಯಾರೂ ಹಾಡಬೇಕಾಗಿಲ್ಲ ಅಂತ ಅಮ್ಮನ ದೂರು. ಒಂದು ಕ್ರಿಸ್‌ಮಸ್ಸಿಗೆ ಸುಗುಣತ್ತೆ ಹಿಡಿದ ಕಜ್ಜಾಯದ ಪಾಕ ಗಟ್ಟಿಯಾಯಿತು ಅಂತ ಅಮ್ಮ ಅಂದಿದ್ದಕ್ಕೆ ಅವಳು ಮೂರು ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ಅವಳೇ ಬಂದು, ಉಳಿದ ಕಜ್ಜಾಯವನ್ನು ಕಲ್ಲಿನಂತಿದೆ ಎಂದು ಬೈದುಕೊಂಡೇ ಅಷ್ಟನ್ನೂ ತಿಂದುಹೋದಳು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಕೆಮ್ಮು ಹಿಡಿಯಿತು. ಕಷಾಯಕ್ಕೆ ಹೋಗಲಿಲ್ಲ, ಅಂಗಡಿಯ ಗುಳಿಗೆಗೂ ಹೋಗಲಿಲ್ಲ. ಸಂಜೆಯಾದರೆ ಜ್ವರ. ರವಿಕೆಗಳನ್ನು ಅಪ್ಪ ಎರಡು ಸಲ ಹಿಡಿದು ಹೊಲಿದ, ಅಷ್ಟು ಇಳಿದುಹೋದಳು. ಕೊನೆಗೆ ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದು, ಕಫ ಪರೀಕ್ಷೆ ಮಾಡಿ, ಟೀಬಿ ಎಂದರು. ಆರು ತಿಂಗಳು ಮಾತ್ರೆ ತಪ್ಪಿಸಬಾರದು ಎಂದರು. ಅಪ್ಪ ಕೈಕಟ್ಟಿ ನಿಂತಿದ್ದ, ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು, ನಾನು ಅವಳ ಮಡಿಲಿಗೆ ಒರಗಿದ್ದೆ. ಡಾಕ್ಟರು ಒಳ್ಳೆಯವರು, ನಮ್ಮ ಕಡೆಯವರೇ. ನನ್ನನ್ನು ನೋಡಿ ಮೆಲ್ಲಗೆ ಹೇಳಿದರು:

"ಪಾಪನ್ನ ಮಾತ್ರ ಸ್ವಲ್ಪ ದಿನ ದೂರ ಇಡಮ್ಮ. ಪಕ್ಕದಲ್ಲಿ ಮಲಗಿಸ್ಕೋಬೇಡ. ಎರಡು ತಿಂಗಳು ಕಳೀಲಿ, ನಾನೇ ಹೇಳ್ತೀನಿ."

ಅವತ್ತು ಸಂಜೆ ಅಪ್ಪ ಒಳಕೋಣೆಯ ರಾಗಿ ಮೂಟೆಗಳನ್ನು ನಡುಮನೆಗೆ ತಂದು, ಅಲ್ಲಿ ಅಮ್ಮನಿಗೆ ಮಂಚ ಹಾಕಿದ. ತಟ್ಟೆ ಬೇರೆ, ಲೋಟ ಬೇರೆ. ನನ್ನ ಚಾಪೆ ಅಪ್ಪನ ಮಿಷನ್ನಿನ ಪಕ್ಕಕ್ಕೆ ಬಂತು. ನಾನು ಅದುವರೆಗೆ ಅಮ್ಮನ ಸೆರಗು ಹಿಡಿಯದೆ ನಿದ್ದೆ ಮಾಡಿದವಳೇ ಅಲ್ಲ. ಹಿತ್ತಲಲ್ಲಿ ಒಳಕೋಣೆ ಕಿಟಕಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲಿತ್ತು. ಸ್ಕೂಲಿನಿಂದ ಬಂದವಳೇ ಅದರ ಮೇಲೆ ಹತ್ತಿ, ಸರಳು ಹಿಡಿದು ನಿಂತು, ಅವತ್ತಿನ ಸುದ್ದಿಯೆಲ್ಲ ಅಮ್ಮನಿಗೆ ಹೇಳುವುದು ನನ್ನ ಕೆಲಸವಾಯಿತು. ಅಮ್ಮ ಆ ಕಡೆ ಗೋಡೆಗೆ ಒರಗಿ ಕೇಳುತ್ತಿದ್ದಳು. ಕೆಮ್ಮು ಬಂದರೆ ಮುಖ ತಿರುಗಿಸಿ, ಇಳಿ ಇಳಿ ಎಂದು ಕೈ ಆಡಿಸುತ್ತಿದ್ದಳು.

ನೋಡಲು ಜನ ಬಂದರು. ಒಳಗೆ ಬಂದವರು ಕಡಿಮೆ. ಅಂಗಡಿ ಬಾಗಿಲಲ್ಲೇ ನಿಂತು, ಮೂಗಿಗೆ ಸೆರಗು ಹಿಡಿದು, ಒಳಕೋಣೆ ಕಡೆ ನೋಡಿ "ಅಯ್ಯೋ, ಪಾಪ!" ಎನ್ನುತ್ತಿದ್ದರು. ಮೊದಮೊದಲು ನಾನು "ಏನು?" ಎಂದು ಓಡಿಹೋಗುತ್ತಿದ್ದೆ. ಅವರು ನನ್ನನ್ನು ಕಂಡು ಇನ್ನೊಂದು ಸಲ "ಅಯ್ಯೋ ಪಾಪ" ಎಂದು ತಲೆ ಅಲ್ಲಾಡಿಸಿ ಹೊರಟುಹೋಗುತ್ತಿದ್ದರು. ಅಮ್ಮ ಮಲಗಿದ್ದಾಳೆ, ಇವರು ನನ್ನ ಹೆಸರು ಹಿಡಿದು ಯಾಕೆ ಕೊರಗುತ್ತಾರೆ? ನಾನು ಏನು ಮಾಡಿದೆ? ಆ ವಯಸ್ಸಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಒಳಗೆ ಬರುತ್ತಿದ್ದವಳು ಸುಗುಣತ್ತೆ. ಸಂಜೆ ಬಾಲವಾಡಿ ಬಾಗಿಲು ಹಾಕಿ, ಒಂದು ದಿನ ಕಾಲುಸೂಪು, ಒಂದು ದಿನ ಬೇಯಿಸಿದ ಮೊಟ್ಟೆ, ಮಾವಿನ ಕಾಲದಲ್ಲಿ ಮಾವಿನಕಾಯಿ ಹಾಕಿದ ಬೇಳೆಯ ಪಪ್ಪು, ಏನಾದರೂ ಒಂದು ಡಬ್ಬಿ ಹಿಡಿದು ಬಂದಳೆಂದರೆ ಸೀದಾ ಒಳಕೋಣೆಗೇ. ಕಿಟಕಿಯ ಎರಡೂ ಬಾಗಿಲು ತೆಗೆದು, ಅಮ್ಮನ ತಲೆ ಬಾಚಿ, ಜಡೆ ಹೆಣೆದು, ಬೈಬಲ್ಲಿನ ಕೀರ್ತನೆಗಳಿಂದ ಒಂದು ಅಧ್ಯಾಯ ಓದಿ ಹೋಗುವಳು. ನಾನು ಕಲ್ಲಿನ ಮೇಲಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

"ದೂರ ಕೂತ್ಕೊಳ್ಳೇ ಸುಗುಣ, ನಿಂಗೂ ಅಂಟ್ಕೊಂಡೀತು."

"ನಿನ್ ಕೆಮ್ಮು ನನ್ ನಶ್ಯಕ್ಕೆ ಹೆದರಿ ಓಡೋಗ್ತದೆ, ಸುಮ್ಕಿರು. ತಲೆ ಅಲ್ಲಾಡಿಸ್ಬೇಡ, ಬೈತಲೆ ಸೊಟ್ಟ ಆಗ್ತದೆ."

ಒಂದು ದಿನ ಅಮ್ಮ ಬಹಳ ಸೋತಿದ್ದಳು. ಮಾತ್ರೆ ನುಂಗಿದ್ದೆಲ್ಲ ವಾಂತಿಯಾಗಿತ್ತು. ಗೋಡೆ ಕಡೆ ಮುಖ ಮಾಡಿಕೊಂಡೇ ಕೇಳಿದಳು:

"ಇಷ್ಟು ಪ್ರಾರ್ಥನೆ ಮಾಡ್ತೀವಲ್ಲ, ದೇವ್ರಿಗೆ ಕೇಳಿಸ್ತದೇನೇ?"

"ಕೇಳಿಸ್ದೆ ಏನು? ನನ್ ಗಂಟ್ಲು ಕೇಳಿಸ್ದೆ ಇರೋಕೆ ದೇವ್ರೇನು ಕೆಪ್ಪನಾ?"

ಅಮ್ಮ ನಕ್ಕಳು. ನಕ್ಕು ಕೆಮ್ಮಿದಳು, ಕೆಮ್ಮಿ ಮತ್ತೆ ನಕ್ಕಳು. ಭಕ್ತಿ ಅಂದರೆ ನನಗೆ ಇವತ್ತಿಗೂ ಆ ಒಳಕೋಣೆಯ ನಗುವೇ ನೆನಪಾಗುವುದು.

ಭಾನುವಾರ ಮಧ್ಯಾಹ್ನ ಅಯ್ಯನವರು ಸಭೆಯ ನಾಲ್ಕೈದು ಜನರನ್ನು ಕರೆದುಕೊಂಡು ನಮ್ಮ ಮನೆಗೆ ಪ್ರಾರ್ಥನೆಗೆ ಬರುತ್ತಿದ್ದರು. ಅವರು ಧಾರವಾಡದ ಕಡೆಯವರು. ತೆಲುಗು ಒಂದಕ್ಷರ ಬಾರದು. ನಮ್ಮ ಹಾಗೆ ಅರ್ಧ ನುಂಗಿ ಮಾತಾಡದೆ, ಪುಸ್ತಕದಲ್ಲಿರುವ ಹಾಗೆ ಪೂರ್ತಿ ಪೂರ್ತಿ ಆಡುವವರು. ನಾವು 'ಬಾಗಿಲು ಹಾಕು' ಅಂದರೆ ಅವರು 'ಬಾಗಿಲನ್ನು ಹಾಕಿರಿ' ಎನ್ನುವರು. ಮೊದಲ ಸಲ ಬಂದಾಗ ಅವರು ನಡುಮನೆಯಲ್ಲಿ ನಿಂತು, ಕಣ್ಣು ಮುಚ್ಚಿ, ಎರಡು ಕೈ ಮೇಲೆತ್ತಿ ಹೇಳಿದರು:

"ಕರ್ತನೇ, ಈ ಮನೆಯಿಂದ ಪಾಪವನ್ನು ದೂರ ಮಾಡು. ಈ ಸಹೋದರಿಯನ್ನು ಪಾಪದಿಂದ ಬಿಡಿಸಿ ಸ್ವಸ್ಥಪಡಿಸು."

ಡಾಕ್ಟರು ಹೇಳಿದ್ದೇ ಮಾತು! ಅವರು 'ಪಾಪನ್ನ' ಅಂದಿದ್ದರು, ಇವರು ಪುಸ್ತಕದ ಕನ್ನಡದಲ್ಲಿ 'ಪಾಪವನ್ನು' ಎನ್ನುತ್ತಿದ್ದಾರೆ, ಅಷ್ಟೇ ವ್ಯತ್ಯಾಸ. ಡಾಕ್ಟರಿಗೂ ಗೊತ್ತು, ಅಯ್ಯನವರಿಗೂ ಗೊತ್ತು, ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದ ಹೆಂಗಸರಿಗೆಲ್ಲ ಗೊತ್ತು. ನನ್ನಿಂದಲೇ ಅಮ್ಮನಿಗೆ ಹೀಗಾಗಿದೆ. ನಾನು ಈ ಮನೆಯಲ್ಲಿ ಇರುವವರೆಗೂ ಅವಳು ಏಳುವುದಿಲ್ಲ. ನಾನು ಕಣ್ಣು ತೆರೆದು ಎಲ್ಲರನ್ನೂ ನೋಡಿದೆ. ಅಪ್ಪ ತಲೆ ಬಗ್ಗಿಸಿ "ಆಮೆನ್" ಎಂದ. ಸುಗುಣತ್ತೆ "ಆಮೆನ್" ಎಂದಳು. ಒಳಕೋಣೆಯಿಂದ, ಎರಡು ವಾರದಿಂದ ದನಿಯೇ ಮೇಲೇಳದಿದ್ದ ಅಮ್ಮ, ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದಳು. ಡಾಕ್ಟರು ಹೇಳಿದರೆ ಹೇಳಲಿ, ಅಯ್ಯನವರು ಹೇಳಿದರೆ ಹೇಳಲಿ, ಅಮ್ಮನೂ ಹಾಗಂದಳಲ್ಲ! ಅವತ್ತು ಆದ ಸಂಕಟ ದೊಡ್ಡವಳಾದ ಮೇಲೆ ನನಗೆ ಮತ್ತೆಂದೂ ಆಗಿಲ್ಲ ಅಂತ ಆಣೆ ಮಾಡಿ ಹೇಳಬಲ್ಲೆ.

ಆಮೇಲೆ ಕಲ್ಲು ಹತ್ತುವುದನ್ನು ಬಿಟ್ಟೆ. ಕಿಟಕಿಯಿಂದ ಅಮ್ಮ "ಪಾಪಾ, ಪಾಪಾ" ಎಂದು ಕರೆದರೆ ಹಿತ್ತಲ ಮೂಲೆಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅಮ್ಮ ಇನ್ನೂ ಸೊರಗಿದಳು. ಅಪ್ಪ ಮುದ್ದೆ ಬಡಿಸಿ "ಯಾಕೆ ಪಾಪ ತಿಂತಿಲ್ಲ?" ಎಂದರೆ ತಟ್ಟೆ ಸರಿಸಿ ಎದ್ದುಹೋಗುತ್ತಿದ್ದೆ. ಮುಂದಿನ ಭಾನುವಾರ ಅದೇ ಪ್ರಾರ್ಥನೆ, ಅದೇ ಆಮೆನ್. ದೇವರಿಗೆ ಇಷ್ಟು ಜನ ಇಷ್ಟು ಸಲ ಹೇಳಿದ ಮೇಲೂ ನಾನು ಅಲ್ಲೇ ಕೂತಿರುವುದು ತಪ್ಪು ಅನ್ನಿಸಿತು. ಮರುದಿನ ಸ್ಕೂಲಿಗೆಂದು ಹೊರಟವಳು ಪುಸ್ತಕಗಳನ್ನು ರಾಗಿ ಮೂಟೆಗಳ ಹಿಂದೆ ಇಟ್ಟು, ಚೀಲಕ್ಕೆ ಎರಡು ಫ್ರಾಕು, ಬಾಚಣಿಗೆ, ಗೊಂಬೆ ತುಂಬಿಕೊಂಡು ಬಾಲವಾಡಿಗೆ ಹೋದೆ.

ಸುಗುಣತ್ತೆ ಮಕ್ಕಳನ್ನು ಸಾಲಾಗಿ ಕೂರಿಸಿ ಉಪ್ಪಿಟ್ಟು ಬಡಿಸುತ್ತಿದ್ದಳು. ನಾನು ಹೊಸ್ತಿಲ ಆಚೆಯೇ ನಿಂತೆ.

"ಏನೇ ಇದು, ಸ್ಕೂಲಿಲ್ವಾ? ಬಾ ಒಳಗೆ."

"ಅತ್ತೆ, ನಿಮ್ಮನೇಲಿ ಪ್ರೇಯರ್ ಆಗಿದ್ಯಾ?"

"ಯಾವ ಪ್ರೇಯರ್ರು?"

"ಪಾಪವನ್ನು ದೂರ ಮಾಡು ಅಂತ. ಆಗಿಲ್ದಿದ್ರೆ ನಾನು ಇಲ್ಲೇ ಇರ್ತೀನಿ. ಅಮ್ಮಂಗೆ ವಾಸಿ ಆಗ್ಲಿ. ನಿಮ್ಗೂ ಕೆಮ್ಮು ಬಂದ್ರೆ ಹೇಳಿ, ಬೇರೆ ಕಡೆ ಹೋಗ್ತೀನಿ."

ಅವಳ ಸೌಟು ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ವಿಷಯ ಹೊಳೆಯಿತು. ಮೊದಲು ನಕ್ಕಳು, ನಾನು ಸುಳ್ಳು ಹೇಳುವುದಿಲ್ಲ. ಹೊಟ್ಟೆ ಹಿಡಿದುಕೊಂಡು, ಮಕ್ಕಳೆಲ್ಲ ಬಾಯಿ ಬಿಟ್ಟು ನೋಡುವ ಹಾಗೆ ನಕ್ಕಳು. ನಗುನಗುತ್ತಿರುವಾಗಲೇ ನನ್ನ ಚೀಲದಿಂದ ಇಣುಕುತ್ತಿದ್ದ ಬಾಚಣಿಗೆ ಅವಳ ಕಣ್ಣಿಗೆ ಬಿತ್ತು. ಅಷ್ಟೇ, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ನನ್ನನ್ನು ಎಳೆದುಕೊಂಡು ಅಳತೊಡಗಿದಳು.

"ಅಯ್ಯೋ ದೇವುಡಾ! ನನ್ ಕಂದ, ಆ ಪಾಪ ನೀನಲ್ವೇ! ಅದು ಬೇರೆ ಕಣೇ. ಸುಳ್ಳು ಹೇಳೋದು, ಕದಿಯೋದು, ಹೊಟ್ಟೆಕಿಚ್ಚು ಪಡೋದು, ಅಂಥದ್ದಕ್ಕೆ ಹಂಗಂತಾರೆ. ನೀನು ನಮ್ ಪಾಪ. ನಿನ್ನ ಕಳಿಸು ಅಂತ ಯಾವ ತಾಯಿ ಆಮೆನ್ ಅಂತಾಳೆ?"

"ಮತ್ತೆ ಡಾಕ್ಟ್ರು ನನ್ನೇ ನೋಡಿ ಹೇಳಿದ್ರಲ್ಲ?"

"ಅದು ನಿಂಗೆ ಕೆಮ್ಮು ಅಂಟದೆ ಇರ್ಲಿ ಅಂತ! ನಿನ್ನಿಂದ ಅಮ್ಮಂಗಲ್ಲ, ಅಮ್ಮನಿಂದ ನಿಂಗೆ!"

ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ದೊಡ್ಡವರು ಮಕ್ಕಳ ಅಳು ನಿಲ್ಲಿಸಲು ಏನು ಬೇಕಾದರೂ ಹೇಳುತ್ತಾರೆ. ಅದು ಅವಳಿಗೂ ಅರ್ಥವಾಯಿತೆಂದು ಕಾಣುತ್ತದೆ. ಮಕ್ಕಳನ್ನು ಆಯಾಗೆ ಒಪ್ಪಿಸಿ, ನನ್ನ ಕೈ ಹಿಡಿದು, ಬೀದಿಯುದ್ದಕ್ಕೂ ಮೂಗು ಸೀಟುತ್ತ ನಡೆಸಿಕೊಂಡು ಬಂದಳು. ಅಪ್ಪ ಮಿಷನ್ನು ನಿಲ್ಲಿಸಿ ಎದ್ದು ನಿಂತ. ಅವನಿಗೆ ಒಂದು ಮಾತೂ ಹೇಳದೆ ನನ್ನನ್ನು ಹಿತ್ತಲಿಗೆ ಕರೆದೊಯ್ದು ಕಲ್ಲಿನ ಮೇಲೆ ನಿಲ್ಲಿಸಿ, ಕಿಟಕಿಯಿಂದ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಕೇಳುತ್ತ ಕೇಳುತ್ತ ಮಂಚದಿಂದ ಎದ್ದುಬಿಟ್ಟಳು. ಗೋಡೆ ಹಿಡಿದುಕೊಂಡು ಎರಡು ಹೆಜ್ಜೆ ಬಂದಳು, ಕಿಟಕಿಗೆ ಇನ್ನು ಮೂರು ಹೆಜ್ಜೆ ಇತ್ತು. ಅಲ್ಲಿ ಡಾಕ್ಟರ ಮಾತು ನೆನಪಾಗಿ ನಿಂತಳು. ನನ್ನ ಕಡೆ ಚಾಚಿದ್ದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಳು.

"ಸುಗುಣ," ಎಂದಳು, "ಅವಳನ್ನ ತಬ್ಬಿಕೊಳ್ಳೇ."

ಸುಗುಣತ್ತೆ ನನ್ನನ್ನು ತಬ್ಬಿಕೊಂಡಳು. ನಶ್ಯದ ಘಾಟು, ಉಪ್ಪಿಟ್ಟಿನ ಒಗ್ಗರಣೆ ವಾಸನೆ.

"ಹಂಗಲ್ಲ, ಗಟ್ಟಿಯಾಗಿ. ನಾನು ಅಷ್ಟು ಸಡಿಲ ಹಿಡಿಯಲ್ಲ."

"ಸರಿ, ತಗೋ."

"ತಲೆ ಸವರು. ಕಿವಿ ಹಿಂದೆ. ಅಲ್ಲಿ ಸವರಿದ್ರೆ ಅವಳಿಗೆ ನಿದ್ದೆ ಬರ್ತದೆ."

"ಸವರಿದೆ. ಇನ್ನೇನು?"

"ಹಣೆಗೊಂದು ಮುತ್ತು ಕೊಡು. ಇನ್ನೊಂದು ಕೊಡು. ಇದು ನಂದು, ನಿಂದಲ್ಲ ಅಂತ ಹೇಳು."

"ಇದು ನಿಮ್ಮಮ್ಮಂದು ಕಣೇ, ನಂದಲ್ಲ."

ಕಿವಿಯ ಹಿಂದಿನ ಜಾಗ ಅಮ್ಮನಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅದರಿಂದ ನನಗೆ ನಂಬಿಕೆ ಬಂತು. ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಅಳತೆ ಟೇಪಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ, ಒರೆಸಿಕೊಳ್ಳುತ್ತಿರುವುದು ಟೇಪಿನಿಂದ ಎಂದು ಅವನಿಗೆ ತಿಳಿದಿರಲಿಲ್ಲ.

ಮುಂದಿನ ಭಾನುವಾರ ಅಯ್ಯನವರು ಬಂದು ಕಣ್ಣು ಮುಚ್ಚುವುದಕ್ಕೆ ಮುಂಚೆಯೇ ಸುಗುಣತ್ತೆ ಎದ್ದು ನಿಂತಳು. ಈ ಮನೆಯಲ್ಲಿ ಆ ಪದ ಬೇಡ ಎಂದಳು. ಕಾರಣ ಕೇಳಿ ಅಯ್ಯನವರು ನನ್ನನ್ನೊಮ್ಮೆ ನೋಡಿದರು. ನಗು ಬಂದಿರಬೇಕು, ಮೀಸೆ ಅಲುಗಿತು.

"ಸುಗುಣಮ್ಮನವರೇ, ಆ ಪದವನ್ನು ಬಿಟ್ಟು ಸಭಾಪಾಲಕನು ಪ್ರಾರ್ಥಿಸುವುದಾದರೂ ಹೇಗೆ? ನಮ್ಮ ಕೆಲಸವೇ ಅದಲ್ಲವೇ?"

"ತಪ್ಪು ಅನ್ನಿ ಅಯ್ಯನವರೇ. ದೇವ್ರಿಗೆ ಅರ್ಥ ಆಗ್ತದೆ."

ಪಾಪ, ಅವರಿಗೆ ಕಷ್ಟವಾಯಿತು. ಎಷ್ಟೋ ವರ್ಷದ ಅಭ್ಯಾಸ. "ಕರ್ತನೇ, ಈ ಮನೆಯಿಂದ ಪಾ..." ಎಂದು ಶುರುಮಾಡಿ, ತಡೆದು, ಕೆಮ್ಮಿ, "ತಪ್ಪುಗಳನ್ನು ದೂರ ಮಾಡು" ಎಂದರು. ಅವರು ಮುಗಿಸಿದ್ದೇ ತಡ, ಸುಗುಣತ್ತೆ ತನ್ನ ದೊಡ್ಡ ಗಂಟಲಲ್ಲಿ ಸೇರಿಸಿದಳು:

"ಪಾಪ ಮಾತ್ರ ಇಲ್ಲೇ ಇರ್ಲಿ ಸ್ವಾಮಿ."

ಒಳಕೋಣೆಯಿಂದ ಅಮ್ಮನ ಆಮೆನ್ ಬಂತು. ಆಮೇಲೆ ನಮ್ಮ ಮನೆಯ ಪ್ರಾರ್ಥನೆಗೆಲ್ಲ ಅದೇ ಕೊನೆಯ ಸಾಲಾಯಿತು. ಹೊಸದಾಗಿ ಬಂದವರು ಕಣ್ಣು ಬಿಟ್ಟು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಪಾಪ ಇಲ್ಲೇ ಇರಲಿ ಅಂತ ದೇವರನ್ನು ಬೇಡುವ ಕ್ರೈಸ್ತರನ್ನು ಅವರು ಬೇರೆಲ್ಲೂ ಕಂಡಿರಲಾರರು. ಎರಡು ತಿಂಗಳು ಕಳೆದು ಡಾಕ್ಟರು ಹೂಂ ಎಂದ ದಿನ ನನ್ನ ಚಾಪೆ ಒಳಕೋಣೆಗೆ ಹೋಯಿತು. ಆರು ತಿಂಗಳಿಗೆ ಮಾತ್ರೆ ನಿಂತಿತು. ಅಪ್ಪ ಹಿಡಿದಿದ್ದ ರವಿಕೆಗಳನ್ನೆಲ್ಲ ಬಿಚ್ಚಿ ಮತ್ತೆ ಅಗಲ ಮಾಡಿದ. ಆ ಕ್ರಿಸ್‌ಮಸ್ಸಿಗೆ ಕಜ್ಜಾಯದ ಪಾಕ ಹಿಡಿದವಳು ಅಮ್ಮ, ಈ ಸಲ ನೀರಾಯಿತು ಎಂದು ಮೂಗು ಮುರಿದವಳು ಸುಗುಣತ್ತೆ.

ಎಷ್ಟೋ ವರ್ಷದ ಮೇಲೆ, ನನಗೆ ಮದುವೆಯಾಗಿ ಮಗುವೂ ಆದ ಮೇಲೆ, ಸುಗುಣತ್ತೆಗೆ ಲಕ್ವ ಹೊಡೆಯಿತು. ಆಗ ಅವಳು ಮಾಲೂರಿನಲ್ಲಿ ಮಗಳ ಮನೆಯಲ್ಲಿದ್ದಳು. ಬಲಗೈ ಬಿದ್ದುಹೋಗಿತ್ತು, ಇಪ್ಪತ್ತು ದಿನದಿಂದ ಬಾಯಿಂದ ಒಂದು ಮಾತು ಸ್ಪಷ್ಟವಾಗಿ ಬಂದಿರಲಿಲ್ಲ. ಅಮ್ಮನೂ ನಾನೂ ಬಸ್ಸು ಹಿಡಿದು ಹೋದೆವು. ಅಮ್ಮ ಅಲ್ಲಿ ಹೋದವಳೇ ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದು, ಕಿಟಕಿ ಬಾಗಿಲು ತೆಗೆದು, ಮಂಚದ ಮೇಲೆ ಕೂತು ಅವಳ ತಲೆ ಬಾಚತೊಡಗಿದಳು. ಇದ್ದಿದ್ದೇ ನಾಲ್ಕು ಬಿಳಿ ಕೂದಲು.

"ಅಲ್ಲಾಡ್ಬೇಡ್ವೇ, ಬೈತಲೆ ಸೊಟ್ಟ ಆಗ್ತದೆ," ಎಂದಳು.

ಸುಗುಣತ್ತೆಯ ಕಣ್ಣಲ್ಲಿ ನೀರು ಇಳಿಯಿತು, ಆದರೆ ಸೊಟ್ಟ ಬಾಯಿ ನಗುತ್ತಿತ್ತು. ಜಡೆ ಮುಗಿಸಿ ಅಮ್ಮ ಅವಳ ಎಡಗೈ ಹಿಡಿದುಕೊಂಡು ಪ್ರಾರ್ಥನೆ ಮಾಡಿದಳು. ಮಗಳು, ಅಳಿಯ, ನಾನು ಸುತ್ತ ನಿಂತಿದ್ದೆವು. ಅಮ್ಮನದು ಎಂದಿನಂತೆ ಮೆತ್ತನೆಯ ದನಿ, ಚಿಕ್ಕ ಪ್ರಾರ್ಥನೆ. ನಮ್ಮ ತಪ್ಪುಗಳನ್ನು ಕ್ಷಮಿಸು ಸ್ವಾಮಿ, ನನ್ನ ಸುಗುಣನಿಗೆ ಮಾತು ಕೊಡು, ಎಂದಳು. ಮುಂದಿನ ಸಾಲು ಸುಗುಣತ್ತೆಯದು. ಅಮ್ಮ ಅದನ್ನು ತಾನು ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡು ಸುಮ್ಮನೆ ಕಾದಳು. ಮಗಳು ನನ್ನ ಮುಖ ನೋಡಿದಳು, ಇನ್ನೂ ಎಷ್ಟು ಹೊತ್ತು ಎನ್ನುವ ಹಾಗೆ. ಆಗ ಮಂಚದಿಂದ, ತೊದಲುತ್ತ, ಒಂದೊಂದೇ ಅಕ್ಷರ ಎತ್ತಿ ಇಟ್ಟಂತೆ ದನಿ ಬಂತು:

"ಪಾ...ಪ... ಇಲ್ಲೇ... ಇರ್ಲಿ."

ಅವತ್ತು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವಳು ನಾನು.